ಮೋಟಾರ್‌ಸೈಕಲ್ಲಿಗೆ ಗ್ಲೂಕೋಸ್

೯ ಮೇ ೧೯೭೬, ಭಾನುವಾರ. ಹಿರಿಯೂರು

ಮತ್ತೆ ಚೈನ್ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದಾಯಿತು. ಹೊಸದುರ್ಗದ ಕಡೆಯ ಕುರಿಹಟ್ಟಿಗಳಿಗೆ ಒಂದು ಸುತ್ತು ಹೋಗಿಬಂದರೆ ಸಾಕು, ಎಣ್ಣೆಯೆಲ್ಲ ಒಣಗಿ ಬರೀ ಕೆಂಪು ಧೂಳು. ಚೈನಿನ ಕವರ್ ಹಿಂದಿನ ಮಾಲೀಕನ ಕಾಲಕ್ಕೇ ತುಕ್ಕು ತಿಂದು ಹೋಗಿದೆ. ಮೊನ್ನೆ ಮಾರಿಕಣಿವೆ ದಾಟಿದ ಮೇಲೆ ಚೈನೇ ಕಡಿದುಹೋಯಿತು. ಥರ್ಮಾಸಿನ ಐಸೆಲ್ಲ ಕರಗಿ, ಕುರಿಗಳ ಕರುಳುಬೇನೆ ಲಸಿಕೆ ಮಣ್ಣುಪಾಲು. ಹೋದ ವರ್ಷವೂ ಇದೇ ಹಾಡು. ಕುರಿಗಾಹಿ ಮುದ್ದಣ್ಣನ ಹಟ್ಟಿಗೆ ಲಸಿಕೆ ಮುಟ್ಟಲಿಲ್ಲ, ಮಳೆ ಬಂತು, ಹೊಸ ಹುಲ್ಲು ಮೇಯ್ದ ಕುರಿಗಳು ನಿಂತಲ್ಲೇ ಬಿದ್ದವು.

ನಿನ್ನೆ ಅವನೇ ನಮ್ಮ ದನದ ಆಸ್ಪತ್ರೆಗೆ ಬಂದು ಡಾಕ್ಟರ ಎದುರೇ ಅಂದ: “ಐಸು ನನ್ ಕೈಗೆ ತಣ್ಣಗೆ ತಾಗ್ಬೇಕ್ರಿ, ಕಾಂಪೌಂಡರೇ. ಆಮ್ಯಾಕೆ ಕುರಿ ಹಿಡ್ಕೊಡ್ತೀನಿ. ಇಲ್ಲಾಂದ್ರೆ ಬಂದ ದಾರಿ ಹಿಡೀರಿ.”

ಸಿಟ್ಟು ಬಂತು. ಆದರೆ ಅವನ ಮಾತಿನಲ್ಲಿ ತಪ್ಪೇನಿದೆ?

೧೧ ಮೇ

ಕಾಟಯ್ಯನ ಎಮ್ಮೆಗೆ ಗ್ಲೂಕೋಸ್ ಏರಿಸುತ್ತ ನಿಂತಿದ್ದೆ. ಟೊಪ್... ಟೊಪ್... ಹೊಳೆಯಿತು! ಎಮ್ಮೆಗೆ ಆಗುವುದು ಚೈನಿಗೆ ಯಾಕಾಗಬಾರದು? ಓಡುವಾಗಲೇ ಹನಿಹನಿಯಾಗಿ ಎಣ್ಣೆ ಬೀಳುತ್ತಿದ್ದರೆ ಧೂಳು ಏನು ಮಾಡೀತು. ಖಾಲಿ ಸೀಸೆ, ಹಳೇ ರಬ್ಬರ್ ಟ್ಯೂಬು, ಹನಿ ಹೆಚ್ಚುಕಡಿಮೆ ಮಾಡುವ ಕ್ಲಿಪ್ಪು — ಮೂರನ್ನೂ ಚೀಲಕ್ಕೆ ಹಾಕಿಕೊಂಡೆ.

೧೪ ಮೇ, ಸಂಜೆ

ಓಬಣ್ಣನ ಗ್ಯಾರೇಜು. ಸೀಸೆಗೆ ಗೋಣಿ ಸುತ್ತಿ ಸೀಟಿನ ಕೆಳಗೆ ತಲೆಕೆಳಗಾಗಿ ಕಟ್ಟಿದ್ದಾಯಿತು. ಟ್ಯೂಬಿನ ತುದಿಗೆ ತಾಮ್ರದ ಸಣ್ಣ ಕೊಳವೆ, ಹಿಂದಿನ ಹಲ್ಲುಚಕ್ರದ ಹತ್ತಿರ ಚೈನಿನ ಮೇಲೆ. ಒಳಗೆ ಮನೆಯ ಹರಳೆಣ್ಣೆ, ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ. “ಜ್ವರ ಎಷ್ಟೈತೆ ನೋಡಿದ್ರಾ ಸಾರ್?” ಅಂದ ಓಬಣ್ಣ. ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. ನಗಲಿ. ನಕ್ಕವರ ಹಲ್ಲು ನನ್ನ ಗಾಡಿಗೇನೂ ಬೇಕಾಗಿಲ್ಲ.

೧೫ ಮೇ

ಒಂದು ಹನಿಯೂ ಇಳಿಯಲಿಲ್ಲ. ಕ್ಲಿಪ್ಪು ಪೂರ್ತಿ ಬಿಟ್ಟರೂ ಇಲ್ಲ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು — ಸೀಸೆಗೆ ಗಾಳಿ ಹೋಗಲು ರಬ್ಬರ್ ಮುಚ್ಚಳಕ್ಕೆ ಸೂಜಿಯನ್ನೇ ಚುಚ್ಚಿಲ್ಲ! ಇಷ್ಟು ವರ್ಷ ದನಕ್ಕೆ ಮರೆಯದವನು ಗಾಡಿಗೆ ಮರೆತೆ. ಚುಚ್ಚಿದೆ. ಧೂಳು ಹೋಗದ ಹಾಗೆ ಸೂಜಿಯ ಬಾಯಿಗೆ ಹತ್ತಿ. ಇಳಿಯಿತು. ಮನೆಯ ಮುಂದೆ ಒಬ್ಬನೇ ನಿಂತು ಚಪ್ಪಾಳೆ ತಟ್ಟಿದೆ.

೧೮ ಮೇ

ಹಾಲುರಾಮೇಶ್ವರದ ದಾರಿಯಲ್ಲಿ ಬಿದ್ದೆ. ಬೆಳಗಿನ ತಂಪಿಗೆ ಹದವಾಗಿ ಬೀಳುತ್ತಿದ್ದ ಎಣ್ಣೆ ಮಧ್ಯಾಹ್ನದ ಬಿಸಿಲಿಗೆ ನೀರಾಗಿ ಸುರಿದು ಟೈರಿಗೇ ಅಭ್ಯಂಜನ. ಮೊಣಕಾಲು ತರಚಿದೆ. ಏಕಾಂತಮ್ಮ ಅರಿಸಿನ ಹಚ್ಚುತ್ತ, ಗಾಡಿಗೆ ದಿನಾ ಎಣ್ಣೆಸ್ನಾನ, ಹೆಂಡತಿಗೆ ಮಾತ್ರ ವರ್ಷಕ್ಕೊಂದು ದೀಪಾವಳಿ ಅಂದಳು. ಹರಳೆಣ್ಣೆ ಡಬ್ಬ ಬಚ್ಚಿಟ್ಟಿದ್ದಾಳೆ. ಇನ್ನು ಅಂಗಡಿಯ ಎಣ್ಣೆಯೇ ಗತಿ.

೩೦ ಮೇ

ಬಿಸಿಲು ಏರಿದಂತೆ ಕ್ಲಿಪ್ಪು ಬಿಗಿ ಮಾಡಬೇಕು, ಅಷ್ಟೇ ಗುಟ್ಟು. ಹೊಳಲ್ಕೆರೆಗೆ ಹೋಗಿಬಂದೆ, ಚಿತ್ರದುರ್ಗಕ್ಕೂ. ಚೈನ್ ಸದ್ದೇ ಇಲ್ಲ. ಆದರೆ ಪಡುವಣದಲ್ಲಿ ಮೋಡ ಕಟ್ಟುತ್ತಿದೆ. ಮಳೆಗೆ ಮುಂಚೆ ಮುದ್ದಣ್ಣನ ಕುರಿಗಳಿಗೆ ಚುಚ್ಚದಿದ್ದರೆ ಈ ವರ್ಷವೂ ಅಷ್ಟೇ. ನಾಳೆಯೇ ಹೊರಡುವುದು.

೩೧ ಮೇ

ಗೆದ್ದೆ! ಗೆದ್ದೆ!

ಐಸ್‌ಕ್ಯಾಂಡಿ ಫ್ಯಾಕ್ಟರಿಯಲ್ಲಿ ಥರ್ಮಾಸಿಗೆ ಐಸ್ ತುಂಬಿಸಿ, ಲಸಿಕೆ ಇಟ್ಟುಕೊಂಡು ಹೊರಟವನು ಎಲ್ಲೂ ನಿಲ್ಲಲಿಲ್ಲ, ಕ್ಲಿಪ್ಪು ತಿರುಗಿಸಲು ಬಿಟ್ಟರೆ. ಹೋದ ಸಲ ಚೈನ್ ಕಡಿದ ಜಾಗ ಬಂದಾಗ ಚೈನಿನ ಕಡೆ ಬಗ್ಗಿ ನೋಡಿದೆ. ದಾಟಿತು. ಹಟ್ಟಿಯ ಮುಳ್ಳುಬೇಲಿಯ ಹೊರಗೇ ಗಾಡಿ ನಿಲ್ಲಿಸಿ ಚಪ್ಪಲಿ ಬಿಟ್ಟೆ. ಮೆಟ್ಟಿಕೊಂಡು ಒಳಗೆ ಹೋಗುವಂತಿಲ್ಲ, ಹಟ್ಟಿಯ ಕಟ್ಟಳೆ. ಕಾದ ಮರಳಿನಲ್ಲಿ ಥರ್ಮಾಸ್ ತಬ್ಬಿಕೊಂಡು ಕುಣಿಯುತ್ತ ಹೋದ ನನ್ನನ್ನು ನೋಡಿ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು.

ಮುದ್ದಣ್ಣ ಮುಚ್ಚಳ ತೆಗೆದು ಒಂದು ಚೂರು ಐಸ್ ಎತ್ತಿ ತನ್ನ ತಾಯಿ ಕಾಟಮ್ಮನ ಅಂಗೈಯಲ್ಲಿಟ್ಟ. ಮುದುಕಿ ಬೆರಳು ಮಡಚಿ ಸ್ವಲ್ಪ ಹೊತ್ತು ಹಿಡಿದುಕೊಂಡಳು. ಹಟ್ಟಿಯೆಲ್ಲ ಅವಳ ಮುಖವನ್ನೇ ನೋಡುತ್ತಿತ್ತು. ನಾನೂ.

“ಕೈ ಕೊರೀತೈತೆ ಕಣ್ಲಾ,” ಅಂದಳು. “ಹಿಡೀರಿ ಕುರಿನಾ.”

ಸಂಜೆಯೊಳಗೆ ಇಡೀ ಮಂದೆಗೆ ಮುಗಿಯಿತು. ಮೊದಲ ಟಗರನ್ನು ಮುದ್ದಣ್ಣನೇ ಹಿಡಿದುಕೊಟ್ಟ. ಕಣ್ಣಲ್ಲಿ ನೀರು ಬಂತು ನನಗೆ, ಧೂಳು ಅಂದೆ.

೨೦ ಜೂನ್, ಬೆಳಗ್ಗೆ

ಎರಡು ವಾರದಿಂದ ಮಳೆ. ಎಲ್ಲೆಲ್ಲೂ ಎಳೇ ಹುಲ್ಲು. ಮುದ್ದಣ್ಣನ ಮಂದೆಯಲ್ಲಿ ಒಂದು ಕುರಿಯೂ ಬಿದ್ದಿಲ್ಲ. ಹೇಳಲು ತಾನೇ ನಮ್ಮ ಮನೆಗೆ ಬಂದಿದ್ದಾನೆ. ಒಬ್ಬನೇ ಅಲ್ಲ, ಪಕ್ಕದ ಹಟ್ಟಿಯ ಎತ್ತಪ್ಪನನ್ನೂ ನಾಲ್ಕು ಜನರನ್ನೂ ಕಟ್ಟಿಕೊಂಡು. ಅಲ್ಲಿ ಲಸಿಕೆ ಹಾಕಿಸಿಲ್ಲ, ಬೇನೆ ಶುರುವಾಗಿದೆಯಂತೆ. “ಇವ್ರು ಬರ್ತೀನಿ ಅಂದ್ರೆ ಬಂದಂಗೇ,” ಅನ್ನುತ್ತಿದ್ದಾನೆ ಜಗಲಿಯಲ್ಲಿ, ನನಗೆ ಕೇಳಲಿ ಅಂತಲೇ ಗಟ್ಟಿಯಾಗಿ. ಭಾನುವಾರ, ಐಸ್‌ಕ್ಯಾಂಡಿ ಫ್ಯಾಕ್ಟರಿ ಬಾಗಿಲಾದರೂ ತೆಗೆಯಲಿ ತಡೀರಪ್ಪ ಅಂದರೆ ಕೇಳುವವರು ಯಾರು — ಎತ್ತಪ್ಪ ಆಗಲೇ ಗಾಡಿಯನ್ನು ಬೀದಿಗೆ ತಳ್ಳಿಕೊಂಡು ಹೊರಟ. ಉಳಿದದ್ದು ಬಂದು ಬರೆಯುತ್ತೇನೆ.