ಅಪ್ಪನ ಎಡಗೈ

ಅಪ್ಪಾ,

ಇವತ್ತು ಇಲ್ಲಿ ಅಮೆರಿಕದ ಲೊಂಬಾರ್ಡಿನಲ್ಲಿ ಮೇಧಾ ಎಂಬ ಹುಡುಗಿಯ ಗೃಹಪ್ರವೇಶಕ್ಕೆ ಹೋಗಿದ್ದೆ. ಅವರ ಗೋಡೆಯ ಮೇಲೆ ನಿಮ್ಮ ಪೊಲೀಸ್ ಫೋಟೋ ಇತ್ತು, ಕತ್ತರಿಸದೆ ಇರುವುದು.

ಬ್ರಿಟಿಷರ ಕಾಲದಲ್ಲಿ ಎಸ್.ಪಿ. ಬಡ್ತಿಗೆ ನಿಮ್ಮ ಹೆಸರು ಬರೆದರೂ ಕಲೆಕ್ಟರ್ ನಿಮ್ಮ ಗೆಳೆಯ ಗುರುಶಾಂತಪ್ಪನವರನ್ನು ಫೌಜದಾರರನ್ನಾಗಿ ಮಾಡಿದ. ಅದೇ ಸಂಜೆ ನೀವು ನಮ್ಮ ಮನೆಯಲ್ಲಿದ್ದ ಇದೇ ಫೋಟೋದಿಂದ ಅವರನ್ನು ಕತ್ತರಿಸಿ ಎಸೆದಿರಂತೆ. ಉಳಿದ ಅರ್ಧದಲ್ಲಿ ನಿಮ್ಮ ಎಡಗೈ ಎಲ್ಲಿ ಎಂದು ಚಿಕ್ಕಂದಿನಲ್ಲಿ ಕೇಳಿ ಬೈಸಿಕೊಂಡಿದ್ದೆ.

“ಇವ್ರು ನಮ್ಮಜ್ಜ, ಆಂಟಿ. ಬಾಜೂಕ ಇರೋರು ಯಾರಂತ ಯಾರಿಗೂ ಗೊತ್ತಿಲ್ರಿ,” ಎಂದಳು ಮೇಧಾ.

“ನಮ್ಮಪ್ಪ,” ಎಂದೆ.

ಭಾನುವಾರ ಅವಳು ನಮ್ಮಲ್ಲಿಗೆ ಊಟಕ್ಕೆ ಬರುತ್ತಾಳೆ. ಸಿಹಿಗೆ ಮಾದಲಿ ಮಾಡುತ್ತೇನೆ. ನೀವು ಸಿಟ್ಟಾದರೂ ಸರಿ.

ನಿಮ್ಮ ಎಡಗೈ ಸಿಕ್ಕಿತು, ಅಪ್ಪಾ. ಅವರ ಹೆಗಲ ಮೇಲಿದೆ.