ಶಕ್ತಿ ಮಾತ್ರೆ

ಗೊರೂರು ಕ್ವಾರ್ಟರ್ಸ್,
ಭಾನುವಾರ

ಜಯಶೀಲಾ,

ನೀನು ಫೋನ್ ಎತ್ತುತ್ತಿಲ್ಲ. ಪಕ್ಕದ ಮನೆಯ ರಾಮಣ್ಣ ನಾಳೆ ದಂಡಿಗನಹಳ್ಳಿ ಕಡೆ ಬರುತ್ತಾನೆ, ಅವನ ಕೈಲಿ ಈ ಕಾಗದವನ್ನು ನಿನ್ನ ತವರಿಗೆ ಕಳಿಸುತ್ತಿದ್ದೇನೆ. ಅತ್ತೆಯವರ ಮಂಡಿನೋವು ಹೇಗಿದೆ?

ನಾನು ಚೆನ್ನಾಗಿದ್ದೇನೆ. ಹೋಟೆಲ್ ಊಟದಿಂದ ಸುಸ್ತು ಅನ್ನಿಸಿ, ಮೆಡಿಕಲ್ ಸ್ಟೋರಿನಿಂದ ವಿಟಮಿನ್ ಮಾತ್ರೆ ತಂದು ನುಂಗಿದೆ. ಸ್ವಲ್ಪ ಹೊತ್ತಿಗೆ ಮೈತುಂಬ ಗಂದೆ ಎದ್ದು, ತುಟಿ ಊದಿಕೊಂಡಿತು. ರಾಮಣ್ಣನೇ ಹಾಸನಕ್ಕೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿದ. "ಅತ್ಗೆಗೆ ಒಂದ್ ಮಾತು ಏಳ್ಬುಡ್ಲಾ ಅಣ್ಣಾ?" ಎಂದು ಕೇಳಿದ. ಬೇಡ ಅಂದೆ.

ಡಾಕ್ಟರು ಡಬ್ಬಿ ನೋಡಿ, "ಮಾತ್ರೆ ಒಳಗೆ ಕಡ್ಲೆಕಾಯಿ ಎಣ್ಣೆ ಇದೆ, ಮೇಲೇ ಬರೆದಿದಾರಲ್ಲ. ನಿಮಗೆ ಕಡ್ಲೆಕಾಯಿ ಆಗಲ್ಲ ಅಂತ ಗೊತ್ತಿರಲಿಲ್ವಾ?" ಎಂದರು. ಗೊತ್ತಿಲ್ಲದೆ ಏನು. ಆದರೆ ಇಷ್ಟು ವರ್ಷ ಡಬ್ಬಿ, ಪೊಟ್ಟಣಗಳನ್ನೆಲ್ಲ ಓದಿದವಳು ನೀನು. ನಾನು ತಟ್ಟೆಗೆ ಬಿದ್ದದ್ದನ್ನು ತಿಂದವನು.

ನೀನು ಹೊರಟ ದಿನದ ಜಗಳದ ಮಾತು ಈಗ ಬೇಡ. ಕೇಳಬೇಕಾದದ್ದು ಇಷ್ಟೇ. ಕರಿ ಕಂಬಳಿ ಎಲ್ಲಿಟ್ಟಿದ್ದೀಯ? ಗಂದೆ ಎದ್ದಾಗಲೆಲ್ಲ ನೀನು ಅದರಲ್ಲೇ ಮೈ ಉಜ್ಜುತ್ತಿದ್ದೆ. ಡಾಕ್ಟರಿಗೆ ಹೇಳಿದರೆ ನಕ್ಕರು. ಮಾತ್ರೆ ಕೊಟ್ಟಿದ್ದಾರೆ, ಆದರೂ ಕಡಿತ ಪೂರ್ತಿ ಹೋಗಿಲ್ಲ. ಕಂಬಳಿ ಇರುವ ಜಾಗವನ್ನು ರಾಮಣ್ಣನಿಗೆ ಹೇಳಿ ಕಳಿಸು, ಸಾಕು.

ಇಂತಿ,
ಪುಟ್ಟರಾಜು

ಕಾಗದ ಮಡಿಸುವಾಗ ಕಂಬಳಿ ಸಿಕ್ಕಿತು, ಮಂಚದ ಕೆಳಗೇ ಇತ್ತು. ಆದರೂ ಕಾಗದ ಕಳಿಸುತ್ತಿದ್ದೇನೆ. ತೋಳು, ಕಾಲು ಉಜ್ಜಿಕೊಂಡೆ. ಬೆನ್ನಿಗೆ ಕೈ ಎಟುಕಲಿಲ್ಲ.