ಕೊಬ್ಬರಿ ವಾಸನೆಯ ಹಿರಿಮೀಸಲು

ಎಬ್ರೋ ದಂಡೆಯ ನೆಲಮನೆಗಳು, ರಿಯೋಹಾ ಸೀಮೆ
ಅಕ್ಟೋಬರ್ 43, 2151

ನೂರಿಪ್ಪತ್ತು ಚಿಲ್ಲರೆ ವರ್ಷ ಹಿಂದಿರುವ ಹಿರಿಯರಿಗೆ, ಪೀಪಾಯಿ ಕಾಯುವ ಜಗದೇವಿಯ ಶರಣು ಶರಣಾರ್ಥಿ.

ತಾರೀಖು ನೋಡಿ ನಗಬೇಡಿ. ಬೆಟ್ಟದ ಮೇಲಿನ ಕೊನೆಯ ದ್ರಾಕ್ಷಿ ಗೊಂಚಲು ಬುಟ್ಟಿಗೆ ಬೀಳುವವರೆಗೆ ನಮ್ಮಲ್ಲಿ ಅಕ್ಟೋಬರ್ ಮುಗಿಯುವುದಿಲ್ಲ. ಅದು ಮುಗಿದ ಮೇಲೆ ಎಷ್ಟು ದಿನ ಉಳಿಯುತ್ತದೋ ಅಷ್ಟೇ ನವೆಂಬರ್. ನನ್ನ ಕನ್ನಡವೂ ನಿಮಗೆ ಹೀಗೆಯೇ ಉದ್ದಗಿಡ್ಡವಾಗಿ ಕಂಡರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಬೀದರಿನಿಂದ ಹೊರಟ ಮಾತು ಸ್ಪೇನಿನ ನೆಲದಲ್ಲಿ ನಾಲ್ಕು ತಲೆಮಾರು ಬಾಳಿದರೆ ಸ್ವಲ್ಪ ಸೊಟ್ಟಗಾಗುವುದು ಸಹಜ. ಅಕ್ಷರ ಸಾಲು ಬಿಟ್ಟು ಓಡುತ್ತಿರುವುದಕ್ಕೆ ಮಾತ್ರ ಭಾಷೆ ಕಾರಣವಲ್ಲ. ಅಮಲೂ ಅಲ್ಲ, ನಾನು ಕುಡಿದದ್ದು ಒಂದೇ ಚಮಚ. ಖುಷಿಗೆ ಅವಸರ ಮಾಡಿ ಬರೆಯುತ್ತಿದ್ದೇನೆ. ಇವತ್ತು ಸಂಜೆ ನಾವು ನಿಮ್ಮ ಕಾಲದ ಬಾಟಲಿಯ ಬೂಚು ತೆಗೆದೆವು, ಆ ಸುದ್ದಿ ನಿಮಗೆ ಹೇಳದೆ ನನಗೆ ಊಟ ಸೇರುವುದಿಲ್ಲ.

ಮೊದಲು ನಾವು ಇಲ್ಲಿಗೆ ಹೇಗೆ ಬಂದೆವೆಂದು ಹೇಳಬೇಕು. ಬೀದರಿನಲ್ಲಿ ನೆಲದಡಿ ನೀರು ಹರಿಸುವ ಹಳೆಯ ಸುರಂಗಗಳಿವೆಯಲ್ಲ, ಅಂಥವನ್ನು ತೋಡುವ ಕೆಲಸ ನನ್ನ ಮುತ್ತಜ್ಜಿಯ ಮನೆಯವರಿಗೆ ಗೊತ್ತಿತ್ತು. ಇಲ್ಲಿ ಎಬ್ರೋ ನದಿ ಬೇಸಿಗೆಯಲ್ಲಿ ಬತ್ತತೊಡಗಿದಾಗ ಅವರನ್ನು ಕರೆಸಿಕೊಂಡರು. ಸುರಂಗ ತೋಡುತ್ತ ಹೋದವರಿಗೆ ಬೆಟ್ಟದ ಹೊಟ್ಟೆಯಲ್ಲಿ ಹಳೆಯ ವೈನ್ ನೆಲಮಾಳಿಗೆಗಳು ಸಿಕ್ಕವು. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಕಂಬಳಿ ಹೊದೆಯುವಷ್ಟು ತಂಪು. ಅಲ್ಲೇ ಠಿಕಾಣಿ ಹೂಡಿದರು, ಅವೇ ನಮ್ಮ ನೆಲಮನೆಗಳು. ಬೆಳಿಗ್ಗೆ ಹತ್ತಕ್ಕೆ ‘ಬಿಸಿಲುಬಾಗಿಲು’ ಹಾಕುತ್ತೇವೆ. ಅದು ಕಲ್ಲಿನ ದಪ್ಪ ಕದ, ಸಂಜೆ ನೆರಳು ಉದ್ದವಾದ ಮೇಲೆಯೇ ತೆರೆಯುವುದು. ನಡುವಿನ ಹೊತ್ತಿನಲ್ಲಿ ಒಳಗೇ ಶಾಲೆ, ಒಳಗೇ ಅಡುಗೆ, ಒಳಗೇ ಜಗಳ. ದ್ರಾಕ್ಷಿತೋಟಗಳು ತಂಪು ಹುಡುಕಿಕೊಂಡು ಬೆಟ್ಟ ಹತ್ತಿವೆ. ವಲೆನ್ಸಿಯಾ ಕಡಲತೀರದಲ್ಲಿ ಈಗ ತೆಂಗು ಬೆಳೆಯುತ್ತದೆ. ಈ ತೆಂಗಿನ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನನ್ನ ಕೆಲಸ ಪೀಪಾಯಿ ವೈನ್. ಕಲಿಸಿದವನು ಫೆರ್ಮಿನ್, ಈ ಮಾಳಿಗೆಯ ಮೊದಲಿನ ಒಡೆಯರ ಮನೆತನದವನು. ನಮ್ಮವರು ಹೆಸರಿಗೊಂದು ಬಾಲ ಕಟ್ಟಿ ಅವನನ್ನು ಫೆರ್ಮಿನಪ್ಪ ಮಾಡಿದ್ದಾರೆ. ಅವನೂ ನಮ್ಮೊಡನೆ ಬೆಳೆದು ರೊಟ್ಟಿ ಬಡಿಯುವಷ್ಟು ಕನ್ನಡಿಗನಾಗಿದ್ದಾನೆ. ತೆಂಪ್ರಾನಿಯೊ ಎಂಬ ಕಪ್ಪು ದ್ರಾಕ್ಷಿಯ ರಸ ಹುದುಗಿದ ಮೇಲೆ ಅದನ್ನು ಅಮೆರಿಕದ ಓಕ್ ಮರದ ಪೀಪಾಯಿಗೆ ತುಂಬುತ್ತೇವೆ. ಆರಾರು ತಿಂಗಳಿಗೊಮ್ಮೆ ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಇಳಿಸಬೇಕು. ಮೇಣದಬತ್ತಿಯ ಎದುರು ಗಾಜು ಹಿಡಿದು ನೋಡುತ್ತ, ಗಸಿ ಬರುವ ಹೊತ್ತಿಗೆ ನಿಲ್ಲಿಸಬೇಕು. ತಿಳಿಯಾಗಲು ಮೊಟ್ಟೆಯ ಬಿಳಿ ಹಾಕುತ್ತೇವೆ, ಉಳಿದ ಹಳದಿ ಮಕ್ಕಳ ಪಾಲು. ಮರದ ಸಂದುಗಳಿಂದ ಸ್ವಲ್ಪ ವೈನ್ ಆವಿಯಾಗಿ ಹೋಗುತ್ತದೆ, ಅದನ್ನು ‘ಗಾಳಿಪಾಲು’ ಎನ್ನುತ್ತೇವೆ. ಹೋದಷ್ಟನ್ನು ತುಂಬುತ್ತ ವರ್ಷಗಟ್ಟಲೆ ಕಾಯಬೇಕು, ಆಮೇಲೆ ಬಾಟಲಿಯಲ್ಲಿ ಮತ್ತೆ ಕಾಯಬೇಕು. ಸ್ವಲ್ಪ ಕಾಲ ಕಾದದ್ದು ಕ್ರಿಯಾಂಸಾ, ನಮ್ಮ ಬಾಯಲ್ಲಿ ‘ಸಾಕಿದ್ದು’. ಇನ್ನೂ ಕಾದದ್ದು ರೆಸೆರ್ವಾ, ಅಂದರೆ ‘ಮೀಸಲು’. ಎಲ್ಲಕ್ಕಿಂತ ಹೆಚ್ಚು ಕಾದದ್ದು ಗ್ರಾನ್ ರೆಸೆರ್ವಾ, ‘ಹಿರಿಮೀಸಲು’.

ಈ ಮೀಸಲು ಎಂಬ ಮಾತೇ ನಮ್ಮನ್ನು ಫಜೀತಿಗೆ ಹಾಕಿದ್ದು. ಮುತ್ತಜ್ಜಿಯವರು ಬಂದಾಗ ಮಾಳಿಗೆಯ ಗೋಡೆಯ ಗೂಡಿನಲ್ಲಿ ಜೇಡರ ಬಲೆಯೊಳಗೆ ಒಂದೇ ಒಂದು ಬಾಟಲಿ ಅಡ್ಡ ಮಲಗಿತ್ತು. ಮಾಡಿದವರ ಹೆಸರನ್ನು ಹುಳ ತಿಂದಿತ್ತು. ಇಸವಿಯಲ್ಲಿ ಎರಡು, ಸೊನ್ನೆ, ಎರಡು ಉಳಿದಿದ್ದವು, ಕೊನೆಯ ಅಂಕಿ ಹುಳದ ಹೊಟ್ಟೆಯಲ್ಲಿ. ಗ್ರಾನ್ ರೆಸೆರ್ವಾ ಎಂಬ ಅಕ್ಷರ ಮಾತ್ರ ನೆಟ್ಟಗಿತ್ತು. ಅದರ ಅರ್ಥ ಕೇಳಿದ್ದಕ್ಕೆ, ಮುಂದಕ್ಕೆಂದು ತೆಗೆದಿಟ್ಟದ್ದು ಎಂದು ಊರವರು ಹೇಳಿದರು. ‘ಹಂಗಂದ್ರ ಮೀಸಲು ಅನ್ರಿ’ ಎಂದಳಂತೆ ಮುತ್ತಜ್ಜಿ. ಮುಗಿಯಿತು ಕಥೆ. ನಮ್ಮಲ್ಲಿ ಮೀಸಲು ಬೆಣ್ಣೆಯನ್ನು ದೇವರಿಗೆ ಮುಟ್ಟುವ ತನಕ ಬೆರಳಿಂದ ಸಹ ನೆಕ್ಕಬಾರದಲ್ಲ, ಅದೇ ಕಟ್ಟು ಈ ಬಾಟಲಿಗೂ ಬಿತ್ತು. ಗೂಡಿಗೆ ದೀಪ ಬಂತು, ವಿಭೂತಿ ಬಂತು. ಯಾವ ದೇವರಿಗೆ, ಯಾವ ದಿನ ಮುಟ್ಟಿಸಬೇಕು ಎಂದು ಮಾತ್ರ ಯಾರೂ ಕೇಳಲಿಲ್ಲ. ಚಿಕ್ಕವಳಿದ್ದಾಗಿನಿಂದ ಆ ದೀಪ ಹಚ್ಚುತ್ತ ಬಂದವಳು ನನ್ನ ಸೋದರತ್ತೆ ಸುಗಲವ್ವ. ಹನಿ ವೈನ್ ಬಾಯಿಗೆ ಹಾಕಿದವಳಲ್ಲ, ಆದರೆ ಆ ಬಾಟಲಿಯ ಮೇಲೆ ಧೂಳು ಕೂರಲು ಬಿಟ್ಟವಳೂ ಅಲ್ಲ.

ಆಗಿದ್ದೇನೆಂದರೆ, ಬರದ ದಶಕಗಳಲ್ಲಿ ಪೀಪಾಯಿಗಳು ಖಾಲಿ ಬಿದ್ದಿದ್ದವು. ಹಳೆಯ ಹಿರಿಮೀಸಲು ಕುಡಿದವರೆಲ್ಲ ತೀರಿಕೊಂಡರು. ಫೆರ್ಮಿನಪ್ಪನ ಕೈಗೆ ಕೆಲಸ ಗೊತ್ತು, ಆದರೆ ಹರೆಯದಲ್ಲಿ ಬಂದ ಜ್ವರ ಅವನ ಮೂಗನ್ನೇ ತಿಂದುಹಾಕಿದೆ. ಪಕ್ಕದಲ್ಲಿ ಹುಗ್ಗಿ ಸೀದರೂ ಅವನಿಗೆ ತಿಳಿಯದು. ಹೀಗಾಗಿ ನಾನು ಇಪ್ಪತ್ತು ವರ್ಷ ಮಾಡಿದ ವೈನ್ ಸರಿಯೋ ತಪ್ಪೋ ಎಂದು ಹೇಳಬಲ್ಲ ಮನುಷ್ಯ ಭೂಮಿಯ ಮೇಲೆ ಇರಲಿಲ್ಲ. ನಮ್ಮ ‘ಮೂಗುಸಭೆ’ಗೆ ಅದರ ಚಿಂತೆಯಿಲ್ಲ. ವೈನ್ ಮೂಸಿ ತೀರ್ಪು ಕೊಡುವ ಊರ ಹಿರಿಯರ ಸಭೆ ಅದು, ಪ್ರಭುಶೆಟ್ಟಿ ಅದರ ಯಜಮಾನ. ಅವನಿಗೆ ಬೇಕಾದದ್ದು ‘ಹಸಿವೈನ್’. ಉಕ್ಕಿನ ಕೊಳಗದಲ್ಲಿ ಹುದುಗಿ, ಅದೇ ವರ್ಷ ಮಾರಾಟವಾಗಿ, ಅದೇ ವರ್ಷ ಮರೆತುಹೋಗುವ ವೈನ್.

ನನ್ನ ಮೊದಲ ಹಿರಿಮೀಸಲು ಪಕ್ವವಾದಾಗ ಪ್ರಭುಶೆಟ್ಟಿ ಲೋಟ ಮೂಸಿ ಒಂದೇ ಮಾತು ಹೇಳಿದ, ‘ಕೊಬ್ಬರಿ’. ಉಳಿದವರೂ ಮೂಸಿದರು, ಅಹುದಹುದು ಎಂದರು. ಸುಳ್ಳಲ್ಲ, ಹೋಳಿಗೆಗೆ ತುರಿದಿಟ್ಟ ಒಣಕೊಬ್ಬರಿಯ ವಾಸನೆ ಲೋಟದಿಂದ ಘಮ್ಮೆಂದು ಏಳುತ್ತಿತ್ತು. ಎಲ್ಲರ ಕಣ್ಣುಗಳು ಮಾಳಿಗೆಯ ಮೂಲೆಗೆ ತಿರುಗಿದವು. ಅಲ್ಲಿ ಸುಗಲವ್ವನ ಕೊಬ್ಬರಿ ಚೀಲಗಳು, ವಲೆನ್ಸಿಯಾದಿಂದ ತರಿಸಿದವು. ಚೀಲ ಹೊರಗೆ ಹೋದವು. ಗೋಡೆಗೆ ಸುಣ್ಣ ಬಿತ್ತು. ಮುಂದಿನ ಸಲವೂ ಅದೇ ಕೊಬ್ಬರಿ. ಸುಗಲವ್ವ ಮಾಳಿಗೆಗೆ ಬರುವ ಮೊದಲು ಸೀರೆ ಬದಲಿಸಬೇಕೆಂದು ಸಭೆ ಹುಕುಂ ಮಾಡಿತು. ‘ಕುಣೀಲಿಕ್ಕ ಬರಲಾರದಾಕಿ ನೆಲ ಡೊಂಕು ಅಂದಳಂತ’ ಎಂದು ಗೊಣಗುತ್ತಲೇ ಆಕೆ ಸೀರೆ ಬದಲಿಸಿದಳು. ಆದರೂ ಕೊಬ್ಬರಿ ಹೋಗಲಿಲ್ಲ. ವಾಸನೆ ಮರಕ್ಕೇ ಹಿಡಿದಿದೆ, ಈ ಪೀಪಾಯಿಗಳು ಕೆಟ್ಟವು, ಸೀಳಿ ಸುರಂಗಕ್ಕೆ ಆನಿಕೆ ಕೊಡೋಣ ಎಂದು ಕೊನೆಗೆ ತೀರ್ಮಾನವಾಯಿತು. ಸೀಳುವ ದಿನ ಇವತ್ತು. ಬೆಳಿಗ್ಗೆ ನಾನು ಒಂದೊಂದು ಪೀಪಾಯಿಯನ್ನೂ ತಡವಿ ಬಂದೆ.

ಸಂಜೆ ಬಿಸಿಲುಬಾಗಿಲು ತೆರೆದು ಕೊಡಲಿಯವರು ಒಳಗೆ ಬಂದಾಗ ಸುಗಲವ್ವ ಗೂಡಿನ ಮುಂದೆ ನಿಂತಿದ್ದಳು. ದೀಪ ಕೆಳಗಿಟ್ಟಳು, ಕೈ ಒಳಗೆ ಹಾಕಿ ಬಾಟಲಿ ಹೊರತೆಗೆದಳು. ‘ಬೇಡ ಅತ್ತಿ’ ಎಂದು ನಾನೇ ಅಡ್ಡ ಹೋದೆ, ಮೀಸಲು ಮುರಿದರೆ ಮನೆ ಮುರಿಯುತ್ತದೆಂದು ನನಗೆ ಕಲಿಸಿದವಳೇ ಆಕೆ. ಆಕೆ ನನ್ನನ್ನು ಮೊಣಕೈಯಿಂದ ಸರಿಸಿ ಹೇಳಿದ ಮಾತನ್ನು ಹೇಗಿತ್ತೋ ಹಾಗೆ ಬರೆಯುತ್ತೇನೆ: ‘ಮೀಸಲು ಬೆಣ್ಣಿ ದೇವರಿಗೆ ಮುಟ್ಟಿದ ಮ್ಯಾಲ ಮಕ್ಕಳ ಬಾಯಿಗೇ ಬರಬೇಕಲ್ಲವಾ. ಎಪ್ಪತ್ತು ವರ್ಷ ದೀಪ ಹಚ್ಚೀನಿ, ದೇವರಿಗೆ ಹೊಟ್ಟಿ ತುಂಬ್ಯದ. ಇನ್ನ ಬೂಚು ತಗೀರಿ. ನನ್ನ ಕೊಬ್ಬರಿ ಮ್ಯಾಲಿನ ಮಾತು ಇವತ್ತ ತೀರಬೇಕು.’

ಬೂಚು ಬೆಣ್ಣೆಬಿಸ್ಕತ್ತಿನಂತೆ ಪುಡಿಯಾಯಿತು. ಫೆರ್ಮಿನಪ್ಪ ಚೂರು ಚೂರಾಗಿ ಎತ್ತಿದ, ಮೇಣದಬತ್ತಿಯ ಎದುರು ಬಾಟಲಿಯ ಕತ್ತು ಹಿಡಿದು ಗಾಜಿನ ಹೂಜಿಗೆ ನಿಧಾನ ಇಳಿಸಿದ. ಬಣ್ಣ ನೋಡಿಯೇ ಕೊಡಲಿಯವರು ಹತ್ತಿರ ಬಂದರು. ನಡುವೆ ಮಾಗಿದ ಕೆಂಪು, ಅಂಚಿನಲ್ಲಿ ಹಳೆಯ ಹಂಚಿನ ಬಣ್ಣ. ಮೊದಲ ಲೋಟ ಪ್ರಭುಶೆಟ್ಟಿಗೆ. ಅವನು ಮೂಸಿದ. ಮತ್ತೆ ಮೂಸಿದ. ಲೋಟ ಕೆಳಗಿಟ್ಟು, ಮೂಗು ಒರೆಸಿಕೊಂಡು, ಮೂರನೆಯ ಸಲ ಮೂಸಿದ. ಆಮೇಲೆ ಯಾರ ಮುಖವನ್ನೂ ನೋಡದೆ ಮೆಲ್ಲಗೆ ಹೇಳಿದ, ‘ಕೊಬ್ಬರಿ.’

‘ನಾ ಹುಟ್ಟೋಕಿಂತ ಮೊದಲ ಬೂಚು ಬಡಿದ ಬಾಟಲಿಯೊಳಗ ನಾ ಯಾವಾಗ ಕೊಬ್ಬರಿ ಹಾಕಿದ್ದೆ, ಪ್ರಭೂ?’ ಎಂದು ಕೇಳಿದಳು ಸುಗಲವ್ವ.

ನೆಲಮನೆ ಬಿದ್ದು ಬಿದ್ದು ನಕ್ಕಿತು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ. ಆ ಬಾಟಲಿಗೂ ನನ್ನ ವೈನಿಗೂ ಸಮಾನವಾದದ್ದು ಮರವೊಂದೇ, ಅದು ಓಕ್ ಮರದ ವಾಸನೆ, ಹಿರಿಯರೇ. ಅಮೆರಿಕದ ಓಕ್ ವೈನಿಗೆ ಕೊಡುವ ಉಡುಗೊರೆಯೇ ಅದು. ನೀವು ಇದನ್ನು ನೂರಾರು ಸಲ ಮೂಸಿ ಹೆಸರಿಟ್ಟು ಮೆಚ್ಚಿರುತ್ತೀರಿ, ನಾವು ಸುಣ್ಣ ಬಳಿದು, ಸೀರೆ ಬದಲಿಸಿ ಅದನ್ನು ಓಡಿಸಲು ಹೆಣಗಿದೆವು. ಇಪ್ಪತ್ತು ವರ್ಷ ನಾನು ಮಾಡಿದ್ದು ಸರಿಯಾಗಿಯೇ ಇತ್ತು. ಪ್ರಭುಶೆಟ್ಟಿ ಕೊಡಲಿಯವರಿಗೆ ಮನೆಗೆ ಹೋಗಲು ಹೇಳಿದ, ಅವರು ಹೋಗಲಿಲ್ಲ, ಲೋಟ ತಂದು ಸಾಲಿನಲ್ಲಿ ನಿಂತರು.

ರುಚಿ ಹೇಗಿತ್ತೆಂದು ಹೇಳದಿದ್ದರೆ ಈ ಕಾಗದವೇ ದಂಡ. ಇಷ್ಟು ಹಳೆಯ ವೈನಿಗೆ ಗಾಳಿ ತಾಗಿದರೆ ಹೊತ್ತು ಬಹಳವಿರುವುದಿಲ್ಲವೆಂದು ಫೆರ್ಮಿನಪ್ಪ ಅವಸರ ಮಾಡಿದ, ಎಲ್ಲರಿಗೂ ಚಮಚದಲ್ಲಿ ಹಂಚಿದೆವು. ನಾಲಿಗೆಯ ಮೇಲಿಟ್ಟಾಗ ಮೊದಲು ಏನೂ ಇಲ್ಲವೆನಿಸಿತು, ಅಷ್ಟು ಹಗುರ. ನಮ್ಮ ಹಸಿವೈನ್ ಬಾಯಿಗೆ ಬಿದ್ದ ಕೂಡಲೇ ಕೂಗಾಡುತ್ತದೆ, ಇದು ಕೂಗಲಿಲ್ಲ. ಆಮೇಲೆ ಒಂದೊಂದಾಗಿ ಬಂದವು: ಒಣಗಿದ ಚೆರ್ರಿ, ಕಿತ್ತಳೆ ಸಿಪ್ಪೆ, ತಂಬಾಕಿನ ಎಲೆ, ಬಹಳ ಬಳಸಿದ ಚರ್ಮದ ಚೀಲ, ಎಲ್ಲದರ ಹಿಂದೆ ಕೊಬ್ಬರಿ ಡಬ್ಬಿಯ ಮುಚ್ಚಳ ತೆಗೆದ ಪರಿಮಳ. ದ್ರಾಕ್ಷಿಯ ಒಗರು ಸವೆದು ನುಣುಪಾಗಿತ್ತು, ಹುಳಿ ಮಾತ್ರ ಇನ್ನೂ ಚುರುಕಾಗಿತ್ತು, ಥೇಟ್ ಸುಗಲವ್ವನ ನಾಲಿಗೆ. ನುಂಗಿದ ಮೇಲೂ ರುಚಿ ಬಾಯಲ್ಲೇ ಉಳಿಯಿತು. ಫೆರ್ಮಿನಪ್ಪನಿಗೆ ವಾಸನೆ ಹತ್ತಲಿಲ್ಲ, ಆದರೆ ಬಾಯೊಳಗಿನ ಆ ನುಣುಪು ಸಿಕ್ಕಿತು. ಅವನು ಕಣ್ಣು ಮುಚ್ಚಿ, ‘ಹಿರಿಮೀಸಲು ರೇಷ್ಮಿ ಹಂಗ ಜಾರತದ ಅಂತಿದ್ಲು, ನಮ್ಮಜ್ಜಿ ಸುಳ್ಳ ಹೇಳಿಲ್ಲ’ ಎಂದ.

ಮೀಸಲು ಮುರಿದಾಗ ಇಟ್ಟವರ ಪಾಲು ಮೊದಲು ತೆಗೆಯಬೇಕಲ್ಲ, ನಿಮ್ಮ ಹೆಸರಿನಲ್ಲೂ ಒಂದು ಚಮಚ ಬೇರೆ ಲೋಟದಲ್ಲಿಟ್ಟಿದ್ದೆವು. ಅದನ್ನು ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ, ಜನ್ಮದಲ್ಲಿ ಹನಿ ಮುಟ್ಟದ ಸುಗಲವ್ವ ಆ ಲೋಟ ಎತ್ತಿಕೊಂಡಳು. ‘ಅವರು ನಮ್ಮ ಸಲುವಾಗಿ ಬಾಯಿ ಕಟ್ಟ್ಯಾರ, ನಾ ಅವರ ಸಲುವಾಗಿ ಬಾಯಿ ಬಿಡತೀನಿ’ ಎಂದು ಒಂದೇ ಗುಟುಕಿಗೆ ಕುಡಿದಳು. ಮುಖ ಕಿವುಚಿದಳು. ಲೋಟ ಕೆಳಗಿಟ್ಟು, ಇನ್ನೇನಾದರೂ ಉಳಿದಿದೆಯೇ ಎಂದು ಹೂಜಿಯ ಕಡೆ ನೋಡಿದಳು. ಉಳಿದಿರಲಿಲ್ಲ.

ಅದಕ್ಕೇ ಈ ಕಾಗದ. ನಿಮ್ಮ ನಡುವೆ ಯಾರೋ ಒಬ್ಬರು ಈಗ ಆ ಬಾಟಲಿಯನ್ನು ಕೈಯಲ್ಲಿ ಹಿಡಿದಿದ್ದಾರೆ. ಪೀಪಾಯಿ ವಾಸನೆ ಹಳೇ ಕಾಲದ್ದು, ಕಾಯುವುದು ದಂಡ, ಎಳೆಯದನ್ನೇ ಕುಡಿ ಎಂದು ಸುತ್ತಲಿನವರು ಹೇಳುತ್ತಿರಬಹುದು. ನಿಮ್ಮಲ್ಲೂ ಪ್ರಭುಶೆಟ್ಟಿಗಳು ಇದ್ದೇ ಇರುತ್ತಾರೆ. ಆ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಕುಡಿಯುವಷ್ಟು ಕುಡಿಯಿರಿ, ಲೋಟ ತಿರುಗಿಸಿ ಕೊಬ್ಬರಿಯನ್ನು ಹುಡುಕಿ ಮೂಸಿ, ಬೇಡ ಅನ್ನುವುದಿಲ್ಲ. ಆದರೆ ಗೂಡಿನಲ್ಲಿ ಒಂದೇ ಬಾಟಲಿ ಇಡಬೇಡಿ. ಈ ಸಲ ಎರಡು ಇಡಿ. ಸುಗಲವ್ವನಿಗೆ ಒಂದು ಲೋಟ ಪೂರ್ತಿ ಕುಡಿಸುವ ಆಸೆ ನನಗೆ, ಆಕೆಗೆ ವಯಸ್ಸಾಗಿದೆ.

ಕಾಗದ ನಿಮಗೆ ಹೇಗೆ ಮುಟ್ಟುತ್ತದೋ ನನಗೆ ಗೊತ್ತಿಲ್ಲ. ನಿಮ್ಮ ಬಾಟಲಿ ಇಲ್ಲಿಯವರೆಗೆ ಬಂತಲ್ಲ, ನನ್ನ ಕಾಗದ ಅಲ್ಲಿಯವರೆಗೆ ಏಕೆ ಬರಬಾರದು? ಗೂಡಿನ ಹಿಂದಿನ ಕಲ್ಲಿನ ಸಂದಿಯಲ್ಲಿ ಇದನ್ನು ಸಿಕ್ಕಿಸುತ್ತೇನೆ. ನಾಳೆ ಬೆಳಿಗ್ಗೆ ನನ್ನ ಹಿರಿಮೀಸಲಿನ ಒಂದು ಬಾಟಲಿಯನ್ನು ಅಲ್ಲಿ ಮಲಗಿಸಬೇಕು, ನಮ್ಮ ಮುಂದಿನವರಿಗೆ. ಅದಕ್ಕೂ ಮೊದಲು ಗೂಡಿನೊಳಗೆ ಮೊಣಕೈವರೆಗೆ ಕೈ ಚಾಚಿ ತಡಕಿ ನೋಡುತ್ತೇನೆ. ಬೆರಳಿಗೆ ತಣ್ಣನೆಯ ಗಾಜು ತಗುಲಿದರೆ, ನೀವು ಓದಿದಿರೆಂದು ತಿಳಿಯುತ್ತೇನೆ. ಸುಗಲವ್ವ ಈಗಲೇ ಲೋಟ ತೊಳೆದಿಟ್ಟಿದ್ದಾಳೆ.